ಹಾಡೂ ಒಂದು ದುಡಿಮೆ
ಶಾಹೀರ ಅಣ್ಣಾಭಾವು ಸಾಠೆಯವರನ್ನು ಕುರಿತು

(ಗಿರಣಿ ಕಾರ್ಮಿಕರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ನಮ್ಮ ಸಭೆಗಳಲ್ಲಿ ಒಂದು ವಾಡಿಕೆಯುಂಟು. ಭಾಷಣಕಾರರು ಬರುವುದು ತಡವಾದರೆ, ಇಲ್ಲವೇ ಜನ ಇನ್ನೂ ಕೂಡದಿದ್ದರೆ, ಒಬ್ಬ ಹಾಡುಗಾರನನ್ನು ವೇದಿಕೆಗೆ ಹತ್ತಿಸುತ್ತೇವೆ. ಅವನು ಗಂಟಲು ಹರಿಯುವಂತೆ ಹಾಡುತ್ತಾನೆ. ಜನ ಕೂಡುತ್ತಾರೆ. ಕೂಡಿದ ಕೂಡಲೇ ಅವನನ್ನು ಕೆಳಗಿಳಿಸಿ, "ಇನ್ನು ಮುಖ್ಯ ಕಾರ್ಯಕ್ರಮ" ಎನ್ನುತ್ತೇವೆ. ಮರುದಿನದ ವರದಿಯಲ್ಲಿ ಭಾಷಣ ಮಾಡಿದವರ ಹೆಸರೆಲ್ಲ ಬರುತ್ತದೆ, ಹಾಡಿದವನದು ಬರುವುದಿಲ್ಲ. ಬಂದರೂ "ಪ್ರಾರಂಭದಲ್ಲಿ ಕ್ರಾಂತಿಗೀತೆ ಹಾಡಲಾಯಿತು" ಎಂಬ ಒಂದು ಸಾಲು. ಯಾರು ಹಾಡಿದರು, ಅವನು ಊಟ ಮಾಡಿದನೋ ಇಲ್ಲವೋ ಎಂದು ಕೇಳಿದವರಿಲ್ಲ.

ಇಂದು ಆ ಹಾಡುಗಾರನನ್ನೇ ಮುಖ್ಯ ಕಾರ್ಯಕ್ರಮವಾಗಿ ಇಟ್ಟುಕೊಳ್ಳೋಣವೆಂದು ನಾನು ಸಂಘದವರನ್ನು ಕೇಳಿಕೊಂಡೆ. ಅದಕ್ಕಾಗಿ ಆರಿಸಿಕೊಂಡ ಹೆಸರು ಅಣ್ಣಾಭಾವು ಸಾಠೆ. ಅವರು ಮರಾಠಿಯವರು. ನಮ್ಮ ಪಕ್ಷದವರಲ್ಲ, ಕಮ್ಯೂನಿಸ್ಟ್ ಪಕ್ಷದವರು. ಅವರ ಹಾಡುಗಳಲ್ಲೊಂದು ಕನ್ನಡಿಗರಾದ ನಮಗೆ ಚುಚ್ಚುವಂಥದು. ಆ ಸಂಗತಿಯನ್ನು ಮುಚ್ಚಿಡದೆ ಮುಂದೆ ಹೇಳುತ್ತೇನೆ. ಇಷ್ಟೆಲ್ಲ ಇದ್ದರೂ, ದುಡಿಯುವವನ ಕೈಯಲ್ಲೇ ಹಾಡು, ಆಟ, ಬರವಣಿಗೆ ಮೂರೂ ಹುಟ್ಟಬಲ್ಲವು ಎಂಬುದಕ್ಕೆ ಅವರಿಗಿಂತ ಗಟ್ಟಿಯಾದ ಸಾಕ್ಷಿಯನ್ನು ನಾನು ಬೇರೆ ಕಾಣೆ.

ಅವರು ಹುಟ್ಟಿದ್ದು ೧೯೨೦ರ ಆಗಸ್ಟ್ ೧ರಂದು, ವಾಟೇಗಾಂವ ಎಂಬ ಹಳ್ಳಿಯಲ್ಲಿ. ಅದು ಆಗ ಸಾತಾರಾ ಜಿಲ್ಲೆ, ಈಗ ಸಾಂಗ್ಲಿ ಜಿಲ್ಲೆ, ವಾಳವಾ ತಾಲೂಕು. ಅವರ ಕಥೆಗಳಲ್ಲೆಲ್ಲ ಹರಿಯುವುದು ವಾರಣಾ ನದಿ. ಆ ವಾರಣೆ ಸಾಂಗ್ಲಿಯ ಹತ್ತಿರ ಕೃಷ್ಣೆಗೆ ಸೇರುತ್ತದೆ. ಆ ನೀರೇ ಮುಂದೆ ನಮ್ಮ ಚಿಕ್ಕೋಡಿ, ಅಥಣಿ, ಜಮಖಂಡಿಯ ಸೀಮೆಗೆ ಬರುತ್ತದೆ. ದೂರದವರ ಕಥೆಯೇನೂ ಅಲ್ಲ ಇದು.

ಜಾತಿಯಲ್ಲಿ ಮಾಂಗರು. ಹಗ್ಗ ಹೊಸೆಯುವುದು, ಹಲಗೆ ಬಾರಿಸುವುದು, ಊರ ಹೊರಗೆ ಇರುವುದು. ನಮ್ಮ ಕಡೆ ಮಾದಿಗರ ಪಾಡು ಏನಿತ್ತೋ ಅದೇ ಪಾಡು. ಅದರ ಮೇಲೆ ಇನ್ನೊಂದು ಹೊರೆ: ಬ್ರಿಟಿಷರು ೧೮೭೧ರಲ್ಲಿ ಮಾಡಿದ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ. ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಗೆ ಸೇರಿಸಿದ ಜಾತಿಗಳಲ್ಲಿ ಮಾಂಗರೂ ಇದ್ದರು. ದಿನವೂ ಹಾಜರಿ ಹಾಕಬೇಕು, ಹೇಳದೆ ಊರು ಬಿಡಬಾರದು. ಆ ಕಾಯಿದೆ ರದ್ದಾದದ್ದು ಸ್ವಾತಂತ್ರ್ಯ ಬಂದ ಐದು ವರ್ಷಕ್ಕೆ, ೧೯೫೨ರಲ್ಲಿ.

ಅಣ್ಣಾಭಾವು ಶಾಲೆಗೆ ಹೋದದ್ದು ಒಂದೂವರೆ ದಿನವೆಂದು ಹೇಳುತ್ತಾರೆ. ಜಾತಿಯ ಅವಮಾನ ತಾಳದೆ ಮೂರನೆಯ ಹೊತ್ತಿಗೆ ಆ ಬಾಗಿಲು ಮುಚ್ಚಿತು. ೧೯೩೦ರ ದಶಕದ ಆರಂಭದಲ್ಲಿ ಇಡೀ ಸಂಸಾರ ಹೊಟ್ಟೆಪಾಡಿಗಾಗಿ ಮುಂಬಯಿಗೆ ಹೊರಟಿತು. ರೈಲಿಗೆ ಕಾಸಿಲ್ಲ. ದಾರಿಯಲ್ಲಿ ಕೂಲಿ ಮಾಡುತ್ತ, ಸಿಕ್ಕದ್ದನ್ನು ತಿನ್ನುತ್ತ, ಹಳ್ಳಿಯಿಂದ ಮುಂಬಯಿಯವರೆಗೆ ನಡೆದೇ ಹೋದರು.

ಇಲ್ಲಿ ಪೇಟೆಯ ಬಂಧುಗಳು ಸ್ವಲ್ಪ ಗಮನವಿಡಬೇಕು. ಆ ಹುಡುಗ ಮುಂಬಯಿಯಲ್ಲಿ ಮಾಡಿದ ಕೆಲಸಗಳಲ್ಲೊಂದು, ತಿರುಗಾಡಿ ಬಟ್ಟೆ ಮಾರುವ ವ್ಯಾಪಾರಿಯ ಹಿಂದೆ ಗಂಟು ಹೊತ್ತು ನಡೆಯುವುದು. ಅಕ್ಷರ ಕಲಿತದ್ದು ಎಲ್ಲಿ? ಅಂಗಡಿಗಳ ಬೋರ್ಡು ನೋಡಿ, ಸಿನೆಮಾದ ಭಿತ್ತಿಪತ್ರ ನೋಡಿ. ನಿಮ್ಮಂಥ ಯಾರೋ ಸಣ್ಣ ವ್ಯಾಪಾರಿ ನಾಲ್ಕು ಕಾಸು ಕೊಟ್ಟು ಬರೆಯಿಸಿದ ಬೋರ್ಡು ಆ ಹುಡುಗನಿಗೆ ಹಲಗೆ-ಬಳಪವಾಯಿತು. ಮುಂದೆ ಮೂವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಕೈ ಅಕ್ಷರ ತಿದ್ದಿದ್ದು ಹೀಗೆ.

ಆಮೇಲೆ ಗಿರಣಿಯ ಕೆಲಸ. ಗಿರಣಿಯಲ್ಲಿ ಯಂತ್ರದ ಸದ್ದು, ಹೊರಗೆ ಕೆಂಬಾವುಟದ ಸಭೆಯ ಸದ್ದು. ಮಾಟುಂಗಾದ ಲೇಬರ್ ಕ್ಯಾಂಪಿನಲ್ಲಿ ಅವರಿಗೆ ಕಮ್ಯೂನಿಸ್ಟ್ ಕಾರ್ಯಕರ್ತರ ಒಡನಾಟವಾಯಿತು. ಅಲ್ಲಿ ಅವರು ಕಟ್ಟಿದ ಮೊದಲ ಪೋವಾಡ ಯಾವುದರ ಮೇಲೆ ಗೊತ್ತೇ? ಲೇಬರ್ ಕ್ಯಾಂಪಿನ ಸೊಳ್ಳೆಗಳ ಮೇಲೆ! ಪೋವಾಡವೆಂದರೆ ಶೂರರ ಪರಾಕ್ರಮ ಹಾಡುವ ಪದ. ನಮ್ಮ ಕಡೆಯ ವೀರ ಲಾವಣಿ ಇದ್ದಂತೆ. ಶಿವಾಜಿ, ತಾನಾಜಿಯರಿಗೆ ಮೀಸಲಾದ ಆ ಪದವನ್ನು ಇವರು ಕೊಳಚೆಯ ಸೊಳ್ಳೆಗೆ ತಿರುಗಿಸಿದರು. ಕೇಳಿದವರು ನಕ್ಕಿರಬೇಕು. ನಕ್ಕವರೇ ಮನೆಗೆ ಹೋಗಿ ಸೊಳ್ಳೆ ಹೊಡೆಯುತ್ತ, ಈ ಚರಂಡಿ ಯಾಕೆ ಹೀಗಿದೆ, ಸಾಹುಕಾರರ ಬಂಗಲೆಯ ಬಳಿ ಯಾಕೆ ಹೀಗಿಲ್ಲ ಎಂದು ಯೋಚಿಸಿರಬೇಕು. ಒಂದು ಗಂಟೆಯ ಭಾಷಣ ಮಾಡಲಾರದ ಕೆಲಸವನ್ನು ಸೊಳ್ಳೆಯ ಹಾಡು ಮಾಡುತ್ತದೆ.

೧೯೪೪ರಲ್ಲಿ ಅಣ್ಣಾಭಾವು, ಅಮರ ಶೇಖ್, ಗವಾಣಕರ್ ಈ ಮೂವರು ಕೂಡಿ "ಲಾಲ್ ಬಾವಟಾ ಕಲಾಪಥಕ"ವನ್ನು ಕಟ್ಟಿದರು. ಕೆಂಬಾವುಟದ ಕಲಾಮೇಳವೆಂದು ಅರ್ಥ. ಅಮರ ಶೇಖರು ಸೊಲ್ಲಾಪುರ ಜಿಲ್ಲೆಯ ಬಾರ್ಶಿಯವರು. ಒಬ್ಬರು ಮಾಂಗರು, ಒಬ್ಬರು ಮುಸಲ್ಮಾನರು. ಒಂದೇ ಡಪ್ಪು, ಒಂದೇ ಪಲ್ಲವಿ. ಜಾತಿಮತಗಳ ಬಗ್ಗೆ ಆ ಕಾಲದ ಎಷ್ಟೋ ಠರಾವುಗಳು ಕಾಗದದ ಮೇಲೆ ಉಳಿದವು. ಇವರು ಜನರ ಕಣ್ಣೆದುರು ಒಟ್ಟಿಗೆ ನಿಂತು ಹಾಡಿ ತೋರಿಸಿದರು.

ಇವರು ಹಿಡಿದ ಆಟದ ಹೆಸರು ತಮಾಷಾ. ಅಣ್ಣಾಭಾವು ಅದನ್ನು ಕಲಿತದ್ದು ತಮ್ಮ ದಾಯಾದಿಯೊಬ್ಬರ ಮೇಳದಲ್ಲಿ. ನಮ್ಮ ಸಣ್ಣಾಟ ನೋಡಿದವರಿಗೆ ತಮಾಷಾ ಹೊಸದೆನಿಸದು. ನಮ್ಮ ಲಾವಣಿಯಲ್ಲಿ ಕಲ್ಗಿ-ತುರಾ ಎಂಬ ಪಂಗಡಗಳಿವೆಯಲ್ಲ, ಮರಾಠಿ ಲಾವಣಿಯಲ್ಲೂ ಅವೇ ಇವೆ. ಗಡಿಯ ಆಚೆ-ಈಚೆಯ ಹಾಡುಗಾರರು ಒಬ್ಬರಿಗೊಬ್ಬರು ಕೊಟ್ಟು ತಂದವರು. ಓದಿದವರು ಈ ಆಟಗಳನ್ನು ಹೊಲಸು ಎಂದರು, ಕೆಳಗಿನವರ ಕುಣಿತವೆಂದರು. ಪಕ್ಷದ ದೊಡ್ಡವರಿಗೂ ಇಂಥ ಮುಜುಗರ ಇಲ್ಲದೆ ಇರಲಿಲ್ಲ. ಎಲ್ಲ ಪಕ್ಷಗಳ ಮಾತೂ ಅಷ್ಟೇ.

ಅಣ್ಣಾಭಾವು ತಮಾಷಾವನ್ನು ಬಿಸಾಡಲಿಲ್ಲ. ಇದ್ದಂತೆಯೇ ಇಟ್ಟುಕೊಳ್ಳಲೂ ಇಲ್ಲ. ಹಳೆಯ ತಮಾಷಾ ಗಣಪತಿಯ ಸ್ತುತಿಯಿಂದ ಶುರುವಾಗುತ್ತಿತ್ತು. ಇವರು ಆ ಜಾಗದಲ್ಲಿ ನಾಡಿಗೂ ಹುತಾತ್ಮರಿಗೂ ದುಡಿಯುವ ಜನರಿಗೂ ನಮಸ್ಕಾರವಿಟ್ಟರು. ಆಮೇಲೆ ಗವಳಣ, ಎಂದರೆ ಕೃಷ್ಣ ಗೊಲ್ಲತಿಯರನ್ನು ಅಡ್ಡಗಟ್ಟಿ ಕಾಡುವ ಭಾಗ. ಹೆಂಗಸರನ್ನು ಕುಣಿಸಿ ಗಂಡಸರನ್ನು ರಂಜಿಸುವುದು ಅಲ್ಲೇ. ಅದನ್ನು ತೆಗೆದುಹಾಕಿದರು. ಉಳಿಸಿಕೊಂಡದ್ದು ಯಾವುದು? ಡಪ್ಪು, ತುಂತುಣಿ, ಹಾಸ್ಯಗಾರ, ಎದುರಿಗೆ ಕೂತವರೊಡನೆ ನೇರವಾಗಿ ಮಾತಾಡುವ ಸಲಿಗೆ. ಹಳೆಯ ಹಾಸ್ಯಗಾರ ರಾಜನನ್ನು ಗೇಲಿ ಮಾಡುತ್ತಿದ್ದ. ಹೊಸ ಹಾಸ್ಯಗಾರ ಸಾಹುಕಾರನನ್ನೂ ಖಾದಿ ತೊಟ್ಟ ಕಾಳಸಂತೆಯವನನ್ನೂ ಗೇಲಿ ಮಾಡಿದ. "ಶೇಟ್‌ಜಿಯ ಇಲೆಕ್ಷನ್", "ದೇಶಭಕ್ತ ಘೋಟಾಳೆ" ಎಂಬ ಅವರ ಆಟಗಳ ಹೆಸರು ಕೇಳಿದರೇ ಸಾಕು, ಒಳಗಿನ ಸರಕು ಏನೆಂದು ತಿಳಿಯುತ್ತದೆ.

ಇದಕ್ಕೆ ರಂಗಮಂದಿರ ಬೇಕಾಗಲಿಲ್ಲ. ಚಾಳಿನ ಅಂಗಳವೇ ಸಾಕು. ಹಗಲು ಪಾಳಿಯವರು ಊಟ ಮುಗಿಸಿ ಬಂದು ಕೂತರೆ ಆಟ ಶುರು. ಬಂಗಾಲದ ಬರಗಾಲ, ಸ್ಟಾಲಿನ್‌ಗ್ರಾಡಿನ ಕದನ, ಅಮಳನೇರದಲ್ಲಿ ಗುಂಡಿಗೆ ಬಲಿಯಾದ ಗಿರಣಿ ಕಾರ್ಮಿಕರು, ತೆಲಂಗಾಣದ ರೈತರ ಹೋರಾಟ, ಹೀಗೆ ಪತ್ರಿಕೆ ಓದಲು ಬಾರದ ಜನಕ್ಕೆ ಲೋಕದ ಸುದ್ದಿ ಈ ಪೋವಾಡಗಳಿಂದ ಬಂತು. ತಮಾಷಾದ ಮೇಲೆ ಆಗಿನ ಮುಂಬಯಿ ಸರ್ಕಾರ ನಿರ್ಬಂಧ ಹೇರಿತು. ಆಗ ಇದೇ ಆಟ "ಲೋಕನಾಟ್ಯ" ಎಂಬ ಹೆಸರು ಹೊತ್ತು ಮತ್ತೆ ಅಂಗಳಕ್ಕೆ ಬಂತು.

ಬರೆಯುವುದರಲ್ಲೂ ಇದೇ ಜಾಣತನ. ಪಠ್ಠೆ ಬಾಪುರಾವ್ ಎಂಬ ಹೆಸರಾಂತ ತಮಾಷಾ ಕವಿ ಮುಂಬಯಿಯ ವೈಭವವನ್ನು ಹೊಗಳಿ ಲಾವಣಿ ಕಟ್ಟಿದ್ದರು. ಅಣ್ಣಾಭಾವು ಅದಕ್ಕೆ ಉತ್ತರವಾಗಿ ತಮ್ಮದೊಂದು "ಮುಂಬಯಿಯ ಲಾವಣಿ" ಕಟ್ಟಿದರು. ಒಂದು ಕಡೆ ಮಲಬಾರ್ ಹಿಲ್ಲಿನ ಸುಖ, ಇನ್ನೊಂದು ಕಡೆ ಪರಳಿನ ಬೆವರು. ಊರು ಒಂದೇ; ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದರ ಮೇಲೆ ಊರು ಬೇರೆಯಾಗುತ್ತದೆ.

ಅವರ ಒಂದು ಸಣ್ಣಕಥೆಯನ್ನು ನಿಮಗೆ ಹೇಳಲೇಬೇಕು. ಹೆಸರು "ಸ್ಮಶಾನದ ಚಿನ್ನ". ವಾರಣೆಯ ದಂಡೆಯ ಭೀಮನೆಂಬ ಗಟ್ಟಿ ಆಳು ಮುಂಬಯಿಯ ಹೊರವಲಯದ ಕಲ್ಲುಗಣಿಯಲ್ಲಿ ಬಂಡೆ ಒಡೆಯುತ್ತಾನೆ. ಒಂದು ದಿನ ಗಣಿ ನಿಲ್ಲುತ್ತದೆ. ಹೆಂಡತಿ ಇದ್ದಾಳೆ, ಮುದ್ದಿನ ಮಗಳಿದ್ದಾಳೆ, ಒಲೆಯಲ್ಲಿ ಬೆಂಕಿಯಿಲ್ಲ. ಸುಟ್ಟ ಹೆಣದ ಬೂದಿಯಲ್ಲಿ ಅವನಿಗೆ ಚಿನ್ನದ ತುಣುಕು ಸಿಗುತ್ತದೆ. ಅಲ್ಲಿಂದ ರಾತ್ರಿ ಸ್ಮಶಾನ ಕೆದಕುವುದೇ ಅವನ ಕಸುಬು. ಹೂತ ಹೆಣಕ್ಕಾಗಿ ನರಿಗಳ ಹಿಂಡಿನೊಡನೆ ಕಾದಾಡುತ್ತಾನೆ. ಕೊನೆಗೊಂದು ಹೆಣದ ಬಾಯಲ್ಲಿ ಚಿನ್ನ ತಡಕುವಾಗ ಬೆರಳು ಸಿಕ್ಕಿಕೊಳ್ಳುತ್ತವೆ. ಜೀವ ಉಳಿಯಿತು, ಎರಡು ಬೆರಳು ಹೋದವು. ಆ ದಿನವೇ ಗಣಿ ಮತ್ತೆ ಶುರುವಾಯಿತೆಂಬ ಸುದ್ದಿ ಬರುತ್ತದೆ. ಬೆಟ್ಟ ಒಡೆದ ಆಳು ಮಗುವಿನಂತೆ ಅಳುತ್ತಾನೆ.

ಕೆಲಸ ಹೋದ ಮನುಷ್ಯನಿಗೆ ಏನಾಗುತ್ತದೆ ಎಂಬುದನ್ನು ಯಾವ ಅರ್ಥಶಾಸ್ತ್ರಜ್ಞನೂ ಇಷ್ಟು ಚೊಕ್ಕವಾಗಿ ಹೇಳಿಲ್ಲ. ಭೀಮ ಕಳ್ಳನೇ? ಅವನ ಕೈಗೆ ಕಲ್ಲು ಸಿಕ್ಕಿದ್ದರೆ ಆ ಕೈ ಹೆಣ ಮುಟ್ಟುತ್ತಿರಲಿಲ್ಲ. ಗಿರಣಿಗೆ ಬೀಗ ಬಿದ್ದ ಊರುಗಳಲ್ಲಿ ಇಂಥ ಎಷ್ಟು ಬೆರಳು ಕಳೆದವೆಂದು ಇಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ. ೧೯೮೨ರ ಜನವರಿಯಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆಮೇಲೆ ಎಷ್ಟೋ ಗಿರಣಿಗಳು ತೆರೆಯಲೇ ಇಲ್ಲ. ಬಟ್ಟೆ ನೇಯ್ದ ಜಾಗದಲ್ಲಿ ಇಂದು ಬಟ್ಟೆ ಮಾರುವ ದೊಡ್ಡ ಮಾಲುಗಳು ನಿಂತಿವೆ. ಅಲ್ಲಿ ನೇಯ್ದವನಿಗೂ ಕೆಲಸವಿಲ್ಲ. ಪಕ್ಕದ ಓಣಿಯ ಸಣ್ಣ ಬಟ್ಟೆ ಅಂಗಡಿಯವನಿಗೂ ಗಿರಾಕಿಯಿಲ್ಲ.

೧೯೫೮ರಲ್ಲಿ ಮುಂಬಯಿಯಲ್ಲಿ ಮೊದಲ ದಲಿತ ಸಾಹಿತ್ಯ ಸಮ್ಮೇಳನ ನಡೆದಾಗ ಉದ್ಘಾಟನೆ ಮಾಡಿದವರು ಇವರೇ. ಭೂಮಿ ನಿಂತಿರುವುದು ಶೇಷನ ಹೆಡೆಯ ಮೇಲಲ್ಲ, ದಲಿತರ ಮತ್ತು ದುಡಿಯುವವರ ಅಂಗೈ ಮೇಲೆ ಎಂಬ ಅರ್ಥದ ಮಾತನ್ನು ಅಲ್ಲಿ ಆಡಿದರು. ಮರುವರ್ಷ ಬಂದ "ಫಕೀರಾ" ಕಾದಂಬರಿಯನ್ನು ಡಾಕ್ಟರ್ ಅಂಬೇಡ್ಕರರಿಗೆ ಅರ್ಪಿಸಿದರು. ಹಸಿದ ಜನಕ್ಕಾಗಿ ಬ್ರಿಟಿಷರ ಮೇಲೆ ಬಂಡೆದ್ದ ಮಾಂಗ ವೀರನ ಕಥೆ ಅದು. ಪಟ್ಟಿಯಲ್ಲಿ ಕಳ್ಳನೆಂದು ಬರೆದವನನ್ನು ಪುಸ್ತಕದಲ್ಲಿ ವೀರನೆಂದು ಬರೆದರು. ಕಮ್ಯೂನಿಸ್ಟರಾಗಿದ್ದು ಅಂಬೇಡ್ಕರರಿಗೆ ಪುಸ್ತಕ ಅರ್ಪಿಸುವುದೆಂದರೆ ಆ ದಿನಗಳಲ್ಲಿ ಸಣ್ಣ ಮಾತಾಗಿರಲಿಲ್ಲ. ಕೂಲಿಯ ಹೋರಾಟ ಗೆದ್ದರೆ ಜಾತಿ ತಾನಾಗಿ ಬಿದ್ದುಹೋಗುತ್ತದೆಂದು ನಂಬಿದವರು ಎಲ್ಲ ಎಡಪಕ್ಷಗಳಲ್ಲೂ ಇದ್ದರು. ಹಾಗೆ ತಾನಾಗಿ ಬೀಳುವುದಿಲ್ಲವೆಂದು ಅಣ್ಣಾಭಾವು ಮೈಮೇಲೆ ಅನುಭವಿಸಿ ತಿಳಿದಿದ್ದರು.

ಈಗ ನಮ್ಮ ತಕರಾರಿನ ಮಾತು.

ಮೊದಲನೆಯದು: ೧೯೬೧ರಲ್ಲಿ ರಷ್ಯಕ್ಕೆ ಹೋಗಿಬಂದು ಅವರು ಪ್ರವಾಸದ ಪುಸ್ತಕ ಬರೆದರು. ಸಮಾಜವಾದಿಗಳಾದ ನಾವು ಆ ನಾಡಿನ ಕಾರ್ಖಾನೆಗಳ ಜೊತೆಗೆ ಅಲ್ಲಿನ ಸೆರೆಮನೆಗಳನ್ನೂ ಲೆಕ್ಕಕ್ಕೆ ಹಿಡಿಯುವವರು. ಈ ಭಿನ್ನಾಭಿಪ್ರಾಯ ಹಾಗೆಯೇ ಇರಲಿ. ಆದರೆ ಹಳ್ಳಿಯ ಶಾಲೆ ಒಂದೂವರೆ ದಿನಕ್ಕೆ ಹೊರದೂಡಿದ ಮನುಷ್ಯನನ್ನು ದೂರದ ಒಂದು ದೇಶ ಲೇಖಕನೆಂದು ಕರೆದು ಕೂರಿಸಿದರೆ, ಅವನಿಗೆ ಏನೆನಿಸಿರಬಹುದು ಎಂಬುದನ್ನೂ ತೂಗಿ ನೋಡಬೇಕು.

ಎರಡನೆಯದು ನಮ್ಮ ಮನೆಯ ಹೊಸ್ತಿಲಿಗೇ ಬಂದದ್ದು. ಸಂಯುಕ್ತ ಮಹಾರಾಷ್ಟ್ರದ ಚಳುವಳಿಯಲ್ಲಿ ಅವರು ಹಾಡಿದ "ಮಾಝೀ ಮೈನಾ" ಎಂಬ ಲಾವಣಿ ಬಹಳ ಪ್ರಸಿದ್ಧ. ಮೊದಲ ಭಾಗದಲ್ಲಿ, ಹೆಂಡತಿಯನ್ನು ಹಳ್ಳಿಯಲ್ಲಿ ಬಿಟ್ಟು ದುಡಿಯಲು ಮುಂಬಯಿಗೆ ಬಂದವನ ಅಗಲಿಕೆಯ ನೋವು. ಮುಂಬಯಿಗೋ ಸೊಲ್ಲಾಪುರಕ್ಕೋ ಗಿರಣಿ ಕೆಲಸಕ್ಕೆ ಹೋದ ನಮ್ಮ ಕಲಬುರ್ಗಿ, ವಿಜಾಪುರದ ಕನ್ನಡಿಗನದೂ ಅದೇ ನೋವು. ಮುಂದೆ ಆ ಅಗಲಿದ ಹೆಂಡತಿಯೇ ಒಡೆದ ಮಹಾರಾಷ್ಟ್ರವಾಗುತ್ತಾಳೆ. ಬೆಳಗಾವಿ, ಕಾರವಾರ, ನಿಪ್ಪಾಣಿಗಳು ಪರರ ಪಾಲಾದವೆಂಬ ಕೊರಗು ಬರುತ್ತದೆ.

ಪರರು ಅಂದರೆ ಯಾರು? ನಾವೇ!

ಸಿಟ್ಟು ಬರುವುದು ಸಹಜ. ಸಿಟ್ಟನ್ನು ಅಣ್ಣಾಭಾವು ಒಬ್ಬರ ಮೇಲೆ ಹಾಕುವುದೂ ನ್ಯಾಯವಲ್ಲ. ಆ ಸಮಿತಿಯ ಮುಂದಾಳುಗಳಲ್ಲಿ ನಮ್ಮ ಸಮಾಜವಾದಿ ನಾಯಕ ಎಸ್. ಎಂ. ಜೋಶಿಯವರೂ ಇದ್ದರು. ಮುಂಬಯಿಯ ಮಟ್ಟಿಗೆ ಆ ಚಳುವಳಿಯಲ್ಲಿ ಕಾರ್ಮಿಕನ ಪಾಲು ನಿಜವಾಗಿತ್ತು. ನಗರವನ್ನು ಕಟ್ಟಿದವರು ದುಡಿಯುವವರು, ಅದು ಹಣವಂತರ ಕೈಯಲ್ಲಿ ಪ್ರತ್ಯೇಕವಾಗಿ ಉಳಿಯಬಾರದು ಎಂಬ ಕೂಗು ಅದು. ಅದಕ್ಕಾಗಿ ನೂರಕ್ಕೂ ಮೇಲ್ಪಟ್ಟು ಜನ ಪ್ರಾಣ ಕೊಟ್ಟರು. ಆದರೆ ಅದೇ ರಾಗವನ್ನು ಬೆಳಗಾವಿಗೆ ತಂದಾಗ ಅರ್ಥ ಬದಲಾಗುತ್ತದೆ. ಅಲ್ಲಿ ಎದುರಿಗಿದ್ದವನು ಮಲಬಾರ್ ಹಿಲ್ಲಿನ ಒಡೆಯನಲ್ಲ. ಗೋಕಾಕದ ಗಿರಣಿಯಲ್ಲಿ ನೂಲು ತೆಗೆಯುವ ಕನ್ನಡಿಗ, ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸು. ಅವರ ಮನೆಯಲ್ಲಿ ಒಮ್ಮೊಮ್ಮೆ ಅಜ್ಜಿ ಮರಾಠಿ, ಸೊಸೆ ಕನ್ನಡ. ಯಾವ ರಾಜ್ಯಕ್ಕೆ ಸೇರಿದರೂ ಸಾವಿರ ಬೀಡಿಗೆ ಸಿಗುವ ಕೂಲಿ ಎಷ್ಟು ಎಂಬುದೇ ಆಕೆಯ ಪ್ರಶ್ನೆ.

೧೯೫೬ರಲ್ಲಿ ರಾಜ್ಯಗಳಾದವು. ೧೯೬೭ರಲ್ಲಿ ಮಹಾಜನ ಆಯೋಗದ ವರದಿ ಬಂತು. ೨೦೦೪ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಇಷ್ಟರ ನಡುವೆ ಗದ್ದಲ ಎದ್ದಾಗಲೆಲ್ಲ ಬಸ್ಸು ನಿಲ್ಲುತ್ತವೆ, ಸಂತೆ ಕೆಡುತ್ತದೆ, ಅಂಗಡಿಯ ಕದ ಮುಚ್ಚುತ್ತದೆ. ನಷ್ಟ ಯಾರಿಗೆಂದು ಪೇಟೆಯ ಬಂಧುಗಳೇ ಬಲ್ಲರು. ಆದುದರಿಂದ ನನ್ನ ಅಭಿಪ್ರಾಯ ಇಷ್ಟು: ಆ ಲಾವಣಿಯ ಮೊದಲರ್ಧ ನಮ್ಮದೂ ಹೌದು, ಉಳಿದರ್ಧದ ಹಕ್ಕುಸಾಧನೆಗೆ ನಮ್ಮ ಒಪ್ಪಿಗೆಯಿಲ್ಲ. ಹೀಗೆ ಹೇಳಲು ಅಣ್ಣಾಭಾವುವನ್ನು ಗಡಿಯಾಚೆ ಅಟ್ಟಬೇಕಾಗಿಲ್ಲ. ಪಠ್ಠೆ ಬಾಪುರಾಯರ ಲಾವಣಿಗೆ ಅವರು ಕೊಟ್ಟ ಉತ್ತರ ಇನ್ನೊಂದು ಲಾವಣಿ. ನಾವೂ ಹಾಗೇ ಉತ್ತರ ಕೊಡೋಣ. ಎರಡೂ ಭಾಷೆಯ ಕಾರ್ಮಿಕ ಕೂಡಿ ಹಾಡಬಹುದಾದ ಲಾವಣಿಯೊಂದನ್ನು ನಮ್ಮ ಹುಡುಗರು ಕಟ್ಟಲಿ.

ಕೊನೆಯದಾಗಿ ಹೊಟ್ಟೆಯ ಮಾತು. ಅಣ್ಣಾಭಾವು ಘಾಟಕೋಪರದ ಚಿರಾಗನಗರದ ಗುಡಿಸಲಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಇದ್ದರು. "ಫಕೀರಾ"ಕ್ಕೆ ಸರ್ಕಾರದ ಬಹುಮಾನ ಬಂತು, ಅದು ಸಿನೆಮಾ ಆಯಿತು. ಇನ್ನೂ ಹಲವು ಕಾದಂಬರಿಗಳು ತೆರೆಗೆ ಬಂದವು. ಬಡತನ ಮಾತ್ರ ಗುಡಿಸಲು ಬಿಟ್ಟು ಹೋಗಲಿಲ್ಲ. ಗೋರೆಗಾಂವದಲ್ಲಿ ಒಂದು ಮನೆ ಸಿಕ್ಕಿದ್ದು ಬದುಕಿನ ಕೊನೆಯ ವರ್ಷಗಳಲ್ಲಿ. ೧೯೬೯ರ ಜುಲೈ ೧೮ರಂದು ತೀರಿಕೊಂಡರು. ಇನ್ನೂ ನಲವತ್ತೊಂಬತ್ತು ತುಂಬಿರಲಿಲ್ಲ. ಮುಂದಿನ ತಿಂಗಳೇ ಅಮರ ಶೇಖರೂ ಅಪಘಾತದಲ್ಲಿ ಹೋದರು.

ಸತ್ತ ಮೇಲೆ ಸನ್ಮಾನಕ್ಕೆ ಕಡಮೆಯಾಗಲಿಲ್ಲ. ೨೦೦೨ರಲ್ಲಿ ಅಂಚೆ ಚೀಟಿ ಬಂತು. ೨೦೨೨ರಲ್ಲಿ ಮಾಸ್ಕೋದಲ್ಲಿ ಪ್ರತಿಮೆಯಾಯಿತು. ಬದುಕಿದ್ದಾಗ ಅವರ ಬಾವುಟ ಕಂಡರೆ ಆಗದಿದ್ದ ಪಕ್ಷಗಳವರೂ ಈಗ ಅವರ ಜಯಂತಿಗೆ ಹಾರ ತರುತ್ತಾರೆ. ಹಾರ ಹಾಕುವುದು ಸುಲಭ. ಹಾರ ಕೂಲಿ ಕೇಳುವುದಿಲ್ಲ.

ಅಣ್ಣತಮ್ಮಂದಿರೇ, ಎಂಟು ಗಂಟೆಯ ದುಡಿಮೆಗೆ ತಕ್ಕ ಕೂಲಿ ಬೇಕೆಂದು ಮಾಲೀಕನೆದುರು ನಾವು ಕೂಗುತ್ತೇವೆ. ಆದರೆ ನಮ್ಮದೇ ಸಭೆಯಲ್ಲಿ ಗಂಟಲು ಹರಿದುಕೊಂಡವನಿಗೆ ಒಂದು ಕಪ್ಪು ಚಹಾ ಕೊಟ್ಟು, ಚಳುವಳಿಗಾಗಿ ಸೇವೆ ಮಾಡಿದೆಯಪ್ಪಾ ಎಂದು ಬೆನ್ನು ತಟ್ಟಿ ಕಳಿಸುತ್ತೇವೆ. ಮಾಲೀಕನೂ ನಮಗೆ ಇದನ್ನೇ ಹೇಳುತ್ತಾನಲ್ಲವೇ, ಕಾರ್ಖಾನೆ ನಿಮ್ಮ ಮನೆಯೆಂದು ತಿಳಿದು ದುಡಿಯಿರಿ ಎಂದು? ಹಾಡು ಕಟ್ಟುವುದಕ್ಕೆ ರಾತ್ರಿಯ ನಿದ್ದೆ ಬೇಕು, ಆಟ ಕಲಿಯುವುದಕ್ಕೆ ರಜೆ ಬೇಕು, ಡಪ್ಪಿಗೆ ಚರ್ಮ ಬೇಕು, ಹಾಡುವವನ ಮನೆಯಲ್ಲಿ ಹಿಟ್ಟು ಬೇಕು. ಹಾಡೂ ಒಂದು ದುಡಿಮೆ. ದುಡಿಮೆಯೆಂದ ಮೇಲೆ ಕೂಲಿ ಕೊಡಲೇಬೇಕು.

ಆದುದರಿಂದ ಈ ಸಭೆಯ ಮುಂದೆ ಮೂರು ಸೂಚನೆಗಳನ್ನು ಇಡುತ್ತೇನೆ. ಒಂದು, ಸಂಘದ ಚಂದಾದಲ್ಲಿ ಇಂತಿಷ್ಟು ಪಾಲು ಕಲಾಮೇಳಕ್ಕೆಂದು ಬೇರೆ ತೆಗೆದಿಟ್ಟು, ಅದರ ಲೆಕ್ಕವನ್ನು ವಾರ್ಷಿಕ ಸಭೆಯಲ್ಲಿ ಓದಬೇಕು. ಎರಡು, ಸಭೆಯಲ್ಲಿ ಹಾಡುವವರಿಗೂ ಆಡುವವರಿಗೂ ಆ ದಿನದ ಕೂಲಿಯನ್ನು ಕೈಗೆ ಕೊಡಬೇಕು, ವರದಿಯಲ್ಲಿ ಹೆಸರು ಹಾಕಬೇಕು. ಮೂರು, ವ್ಯಾಪಾರಿ ಬಂಧುಗಳು ವಾಚನಾಲಯಕ್ಕೆ ಈ ವರ್ಷ ಕಥೆ-ಕಾದಂಬರಿಯ ಒಂದು ಕಪಾಟು ಕೊಡಬೇಕು. ಅಣ್ಣಾಭಾವುವಿನ ಪುಸ್ತಕ ಅದರಲ್ಲಿರಲಿ, ಮರಾಠಿ ಬಲ್ಲವರು ಬಾರದವರಿಗೆ ಸಂಜೆ ಕೂತು ಕನ್ನಡದಲ್ಲಿ ಹೇಳಲಿ.

ಇದಕ್ಕೆ ದೊಡ್ಡ ದುಡ್ಡೇನೂ ಬೇಡ. ಇಲ್ಲಿ ಕೂತ ಹುಡುಗರಲ್ಲಿ ಯಾರೋ ಒಬ್ಬ ನಿಮ್ಮ ಅಂಗಡಿಯ ಬೋರ್ಡು ಓದುತ್ತ ನಿಂತಿರಬಹುದು, ಪಾಳಿ ಮುಗಿಸಿ ಬರುವಾಗ ಪದವೊಂದನ್ನು ಗುನುಗುತ್ತಿರಬಹುದು. ಅವನನ್ನು ಗುರುತಿಸಿರಿ. ಅವನು ಬದುಕಿರುವಾಗಲೇ ಅವನ ಕೂಲಿ ಕೊಡಿರಿ.

ಸೂಚನೆಗಳ ಮೇಲೆ ಚರ್ಚೆಯಾಗಲಿ.